ಇಬ್ಬರು ತಂದೆಯರ ಅರ್ಜಿ

ಡಾಕ್ಟರಿಕೆ ಓದಿದವರನ್ನು ಕಂಡರೆ ಜನ ಪರೀಕ್ಷೆ ಎಷ್ಟು ಕಷ್ಟ ಎಂದು ಕೇಳುತ್ತಾರೆ. ಅರ್ಜಿ ಎಷ್ಟು ಕಷ್ಟ ಎಂದು ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಅವರು ಸಾಕು ಎಂದರೂ ಬಿಡದೆ ಹೇಳುತ್ತಿದ್ದೆ. ಮನುಷ್ಯನ ಮೈಯ ಎಲುಬುಗಳ ಹೆಸರನ್ನು ಬಾಯಿಪಾಠ ಮಾಡಲು ನನಗೆ ಎರಡು ವಾರ ಸಾಕಾಗಿತ್ತು. ನಿನ್ನ ತಂದೆ ಯಾರು ಎಂಬ ಒಂದು ಪ್ರಶ್ನೆಗೆ ಉತ್ತರ ಬರೆಯಲು ಏಳು ತಿಂಗಳು ಬೇಕಾದವು.

ಅರುವತ್ತರ ದಶಕದ ಮೊದಲ ವರ್ಷಗಳು. ನಾನು ಮದರಾಸಿನಲ್ಲಿ ಓದು ಮುಗಿಸಿ ಬೆಳುವಾಯಿಯ ಮನೆಗೆ ಬಂದು ಕೂತಿದ್ದೆ. ಅಮೆರಿಕದ ಒಂದು ಆಸ್ಪತ್ರೆ ಮಕ್ಕಳ ವಿಭಾಗದಲ್ಲಿ ನನಗೆ ತರಬೇತಿಯ ಜಾಗ ಕೊಡಲು ಒಪ್ಪಿತ್ತು. ಷರತ್ತು ಒಂದೇ. ಹೊರದೇಶಗಳಲ್ಲಿ ಓದಿದವರಿಗೆಂದು ಅಲ್ಲಿನ ಒಂದು ಮಂಡಳಿ ಮುಂಬಯಿಯಲ್ಲಿ ನಡೆಸುವ ಪರೀಕ್ಷೆಯನ್ನು ಆ ವರ್ಷವೇ ಪಾಸು ಮಾಡಬೇಕು. ಆ ವರ್ಷ ತಪ್ಪಿದರೆ ಜಾಗ ಬೇರೆಯವರಿಗೆ. ನನಗೆ ಮಾತ್ರ ಆ ವರ್ಷ ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆಯೇ, ಯಾಕೆಂದರೆ ಮನೆಯ ಹೆಂಗಸರು ಆಗಲೇ ಗಂಡುಗಳ ಜಾತಕ ತರಿಸಲು ಶುರುಮಾಡಿದ್ದರು. ಇನ್ನೊಂದು ವರ್ಷ ನಾನು ಅವರ ಕೈಗೆ ಸಿಕ್ಕಿದರೆ ಬಿಡುವವರಲ್ಲ.

ನನ್ನ ಪಕ್ಷದಲ್ಲಿ ಇದ್ದವರು ಒಬ್ಬರೇ, ನನ್ನ ಸೋದರಮಾವ. ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನ. ಹುಡುಗಿಗೆ ಅಷ್ಟು ಓದು ಯಾಕೆ ಎಂದು ಇಡೀ ಕುಟುಂಬ ಕೇಳಿದಾಗ, "ಅವಳ ತಲೆ, ಅವಳು ಓದ್ತಾಳೆ, ನಿಮಗೆಂತ ಭಾರ?" ಎಂದು ಬಾಯಿ ಮುಚ್ಚಿಸಿ ನನ್ನನ್ನು ಮದರಾಸಿನ ರೈಲು ಹತ್ತಿಸಿದವರು. ಜೋರು ಸ್ವರ, ಜೋರು ನಡಿಗೆ. ಕೋರ್ಟಿನ ಕನ್ನಡ ಕಾಗದಗಳನ್ನು ವಕೀಲರಿಗಿಂತ ಚೆನ್ನಾಗಿ ಓದುತ್ತಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಒಂದು ಅಕ್ಷರವೂ ಬಾರದು, ಮತ್ತು ಆ ವಿಷಯ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಅರ್ಜಿಯ ನಮೂನೆ ವಿಮಾನದ ಅಂಚೆಯಲ್ಲಿ ಬಂತು. ಮಾವನ ಎದುರು ಕೂತು ಒಂದೊಂದೇ ಸಾಲನ್ನು ತುಳುವಿಗೆ ತಿರುಗಿಸಿ ಹೇಳುತ್ತಾ ಹೋದೆ. ಮೊದಲ ಸಾಲಿಗೇ ಜಗಳ ಹತ್ತಿತು. ಅರ್ಜಿದಾರಳು ವಿದೇಶಿ ವಿದ್ಯಾರ್ಥಿ ಎಂದು ಒಪ್ಪಿಕೊಳ್ಳಬೇಕಿತ್ತು.

"ನೀನು ಎಂತದ್ದು ವಿದೇಶಿ?" ಎಂದರು ಮಾವ. "ನೀನು ಹುಟ್ಟಿದ್ದು ಆ ಕೋಣೆಯಲ್ಲಿ. ನಾನು ಹೊರಗೆ ಜಗಲಿಯಲ್ಲಿ ಕೂತಿದ್ದೆ. ವಿದೇಶಿ ಅವರು."

"ಅವರ ಲೆಕ್ಕದಲ್ಲಿ ನಾವು ವಿದೇಶಿ ಮಾವ."

"ಅವರ ಲೆಕ್ಕ ನಮಗೆ ಯಾಕೆ? ಅರ್ಜಿ ಬರೆಯುವುದು ನಾವಲ್ವಾ?"

ಆರು ದಿನ ಆ ಸಾಲು ಖಾಲಿ ಉಳಿಯಿತು. ಏಳನೆಯ ದಿನ ಅವರು ಪೇಟೆಗೆ ಹೋದ ಹೊತ್ತು ನೋಡಿ ನಾನು ವಿದೇಶಿಯಾದೆ. ಉಳಿದ ಕಾಗದಗಳನ್ನೂ ಸೇರಿಸಿ ಕಳಿಸಿಬಿಟ್ಟೆ. ಜನನದ ದಾಖಲೆ, ಶಾಲೆಯ ಸರ್ಟಿಫಿಕೇಟು, ಕಾಲೇಜಿನದು, ಎಲ್ಲದಕ್ಕೂ ಇಂಗ್ಲಿಷ್ ಅನುವಾದ. ಕಳಿಸುವ ಮೊದಲು ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ಊರಿನ ಯಾರಿಗೂ ಹೊಳೆಯುತ್ತಿರಲಿಲ್ಲ.

ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಕ್ರಮ ಹೇಳಬೇಕು. ನಾವು ಜೈನರು. ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮದೂ ಅಳಿಯಸಂತಾನದ ಮನೆ. ಮನೆ, ಗದ್ದೆ, ಮನೆತನದ ಹೆಸರು ಎಲ್ಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಅದನ್ನೆಲ್ಲ ನೋಡಿಕೊಳ್ಳುವ ಯಜಮಾನ ತಾಯಿಯ ಅಣ್ಣನೋ ತಮ್ಮನೋ ಆಗಿರುತ್ತಾನೆ. ತಂದೆ ಎಂಬವರು ಇನ್ನೊಂದು ಮನೆಯವರು. ನನ್ನ ತಂದೆ ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ ತಮ್ಮ ಅಕ್ಕನ ಮನೆಗೆ ಯಜಮಾನರಾಗಿದ್ದರು, ಅಲ್ಲಿ ಅಕ್ಕನ ಮೂವರು ಗಂಡುಮಕ್ಕಳನ್ನು ಸಾಕುತ್ತಿದ್ದರು. ತಿಂಗಳಲ್ಲಿ ನಾಲ್ಕು ದಿನ ನಮ್ಮಲ್ಲಿಗೆ ಬರುತ್ತಿದ್ದರು. ಅಮ್ಮನಿಗೂ ಅವರಿಗೂ ಒಮ್ಮೆಯೂ ಜಗಳವಾಗಿದ್ದು ನಾನು ಕಾಣೆ. ಜಗಳ ಮಾಡುವಷ್ಟು ದಿನ ಅವರು ನಿಲ್ಲುತ್ತಲೇ ಇರಲಿಲ್ಲ.

ಹಾಗಾಗಿ ನನ್ನನ್ನು ಒಂದನೆಯ ಕ್ಲಾಸಿಗೆ ಸೇರಿಸಲು ಕೈಹಿಡಿದು ಕರೆದುಕೊಂಡು ಹೋದವರು ಮಾವ. ಊರ ಶಾಲೆಯ ಮಾಸ್ತರರು ತಂದೆಯ ಹೆಸರೇನು ಎಂದು ಕೇಳಲೇ ಇಲ್ಲ. ಎದುರಿಗೆ ನಿಂತ ಗಂಡಸಿನ ಹೆಸರನ್ನು ತಂದೆಯ ಕಾಲಮಿನಲ್ಲಿ ಬರೆದರು. ಮಾವನೂ ತಿದ್ದಲಿಲ್ಲ. ಅದೇ ಹೆಸರು ಮೂಡಬಿದಿರೆಯ ಹೈಸ್ಕೂಲಿಗೆ ಹೋಯಿತು, ಅಲ್ಲಿಂದ ಮದರಾಸಿಗೆ ಹೋಯಿತು, ಕೊನೆಗೆ ಡಿಗ್ರಿಯ ಕಾಗದದಲ್ಲಿ ಕೂತಿತು. ಜನನದ ದಾಖಲೆಯಲ್ಲಿ ಮಾತ್ರ ಲಾಯಿಲದ ತಂದೆಯ ಹೆಸರೇ ಇತ್ತು, ಅದನ್ನು ಬರೆಸಿದವರು ಅಜ್ಜಿ.

ಎರಡು ತಿಂಗಳಿಗೆ ಮಂಡಳಿಯ ಪತ್ರ ಬಂತು. ಬಹಳ ಮರ್ಯಾದೆಯ ಪತ್ರ. ಅರ್ಜಿದಾರಳಿಗೆ ಇಬ್ಬರು ತಂದೆಯರು ಕಾಣುತ್ತಾರೆ, ಅರ್ಜಿದಾರಳ ತಾಯಿ ಎರಡನೆಯ ಮದುವೆ ಆಗಿದ್ದರೆ ಆ ಮದುವೆಯ ಪ್ರಮಾಣಪತ್ರ ಕಳಿಸಬೇಕು, ಅಲ್ಲದೆ ಎರಡನೆಯ ಪತಿಯ ಮನೆತನದ ಹೆಸರೂ ತಾಯಿಯ ತವರಿನ ಹೆಸರೂ ಒಂದೇ ಆಗಿರುವುದು ಯಾಕೆ ಎಂದೂ ತಿಳಿಸಬೇಕು.

ನಾನು ಅದನ್ನು ಓದಿ ಹೇಳಿದೆ. ಅಮ್ಮ ಮೊದಲು ಬಾಯಿಗೆ ಸೆರಗು ಹಿಡಿದರು, ಆಮೇಲೆ ಕಂಬ ಹಿಡಿದರು, ಆಮೇಲೆ ಕೂತುಬಿಟ್ಟರು. ಅಷ್ಟು ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಮಾವನ ಮುಖ ಕೆಂಪಾಯಿತು.

"ನನ್ನನ್ನು ಸ್ವಂತ ತಂಗಿಗೆ ಮದುವೆ ಮಾಡಿಸಿದರಾ ಅವರು?"

"ಅವರು ಮಾಡಿಸಿದ್ದಲ್ಲ ಮಾವ. ನಮ್ಮ ಕಾಗದ ಮಾಡಿಸಿದ್ದು."

"ಈಗಲೇ ಶಾಲೆಗೆ ಹೋಗುವ. ಹೊರಡು."

ಶಾಲೆಯಲ್ಲಿ ಹಳೆಯ ಮಾಸ್ತರರೇ ಈಗ ಹೆಡ್‌ಮಾಸ್ತರರಾಗಿದ್ದರು. ಅವರು ಮರದ ಪೆಟ್ಟಿಗೆಯಿಂದ ದಾಖಲೆ ಪುಸ್ತಕ ತೆಗೆದು, ಧೂಳು ಒರೆಸಿ, ನನ್ನ ವರ್ಷದ ಪುಟ ಬಿಡಿಸಿದರು. ಬೆರಳಿಟ್ಟು ಒಂದೊಂದು ಹೆಸರನ್ನೂ ತೋರಿಸಿದರು. ಈ ಹುಡುಗನ ತಂದೆಯ ಕಾಲಮಿನಲ್ಲಿ ಅವನ ಮಾವ. ಈ ಹುಡುಗಿಯದೂ ಮಾವ. ಇವನದು ಅಜ್ಜಿಯ ತಮ್ಮ.

"ನಾನು ಒಂದು ತಿದ್ದಿದರೆ ಎಲ್ಲ ತಿದ್ದಬೇಕಾಗುತ್ತದೆ," ಎಂದರು ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ. "ಇಷ್ಟು ವರ್ಷ ಒಬ್ಬ ತಂದೆಯೂ ಬಂದು ಆಕ್ಷೇಪ ಮಾಡಲಿಲ್ಲ. ಈಗ ಶುರುಮಾಡಿದರೆ ಈ ಗ್ರಾಮದಲ್ಲಿ ಯಾರ ಮಕ್ಕಳು ಯಾರ ಮನೆಗೆ ಹೋಗಬೇಕು ಎಂದು ನಾನು ನಿರ್ಣಯ ಮಾಡಬೇಕಾದೀತು. ನನಗೆ ನಿವೃತ್ತಿಗೆ ಒಂದು ವರ್ಷ ಉಂಟು."

ಆಗಲೇ ನನಗೆ ಇನ್ನೊಂದು ಹೊಳೆದದ್ದು. ಲಾಯಿಲದಲ್ಲಿ ನನ್ನ ತಂದೆಯೂ ಇದನ್ನೇ ಮಾಡಿರಬೇಕಲ್ಲ. ವಿಚಾರಿಸಿದೆ. ಮಾಡಿದ್ದರು. ಕಾಗದದ ಪ್ರಕಾರ ನನ್ನ ತಂದೆಗೆ ಮೂವರು ಗಂಡುಮಕ್ಕಳು, ಹೆಣ್ಣುಮಕ್ಕಳು ಇಲ್ಲ.

ಮಾವ ನನ್ನನ್ನು ಬಂಟ್ವಾಳದ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರು, ಇಂಗ್ಲಿಷಿನ ಮೇಲೆ ಅವರಿಗೆ ಕೆಟ್ಟ ಮೋಹ. ಒಂದು ಸಾಲಿನಲ್ಲಿ ಮುಗಿಯುವ ಸಂಗತಿಯನ್ನು ಅವರು ಐದು ಪುಟ ಬರೆದರು. ಅಳಿಯಸಂತಾನ ಹೇಗೆ ಬಂತು ಎಂಬಲ್ಲಿಂದ ಶುರು. ಹಿಂದೆ ಒಬ್ಬ ರಾಜ, ಅವನ ಹಡಗು, ಹಡಗಿಗೆ ಬಲಿ ಕೇಳಿದ ಭೂತ, ತನ್ನ ಮಗನನ್ನು ಕೊಡಲು ಒಪ್ಪದ ಹೆಂಡತಿ, ತನ್ನ ಮಗನನ್ನು ಕೊಡುತ್ತೇನೆ ಎಂದ ತಂಗಿ, ಅಂದಿನಿಂದ ಸೊತ್ತು ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ. ನಾನು ಕೊನೆಯ ಪುಟದ ಕೊನೆಯಲ್ಲಿ ಬರುತ್ತಿದ್ದೆ. ರಾಜ ಬೇಡ ಸಾರ್ ಎಂದೆ. "ರಾಜ ಇಲ್ಲದಿದ್ದರೆ ಅವರಿಗೆ ಬುಡ ಗೊತ್ತಾಗ್ಲಿಕ್ಕಿಲ್ಲ," ಎಂದರು ವಕೀಲರು. ಮಾವನೂ ತಲೆ ಆಡಿಸಿದರು. ಗಂಡಸರಿಬ್ಬರು ಒಬ್ಬ ರಾಜನ ವಿಷಯದಲ್ಲಿ ಒಮ್ಮತಕ್ಕೆ ಬಂದಾಗ ನನ್ನ ಮಾತು ಯಾರು ಕೇಳುತ್ತಾರೆ?

ಮತ್ತೆ ಎರಡು ತಿಂಗಳು. ಉತ್ತರ ಬಂತು. ತಾವು ಕಳಿಸಿದ ಚಾರಿತ್ರಿಕ ವಿವರಣೆ ಸ್ವಾರಸ್ಯಕರವಾಗಿದೆ, ಕಚೇರಿಯಲ್ಲಿ ಹಲವರು ಓದಿದ್ದಾರೆ. ಆದರೆ ಅದರಲ್ಲಿ ಉಲ್ಲೇಖವಾದ ಗಂಡಸರಲ್ಲಿ, ರಾಜನನ್ನೂ ಸೇರಿಸಿ, ಅರ್ಜಿದಾರಳ ತಂದೆ ಯಾರು ಎಂದು ನಮಗೆ ಗೊತ್ತಾಗಲಿಲ್ಲ. ಕೆಳಗೆ ಅವರೇ ದಾರಿಗಳನ್ನು ಕೊಟ್ಟಿದ್ದರು. ದತ್ತು ತೆಗೆದುಕೊಂಡಿದ್ದರೆ ದತ್ತುಪತ್ರ. ತಂದೆ ತೀರಿಕೊಂಡಿದ್ದರೆ ಮರಣದ ದಾಖಲೆ. ಇಬ್ಬರೂ ಬದುಕಿದ್ದು ದತ್ತೂ ಇಲ್ಲದಿದ್ದರೆ ಇಬ್ಬರಿಂದಲೂ ಪ್ರಮಾಣಪತ್ರ: ತಂದೆಯಾದವರು ತಾನು ತಂದೆ ಎಂದು, ಅಲ್ಲದವರು ತಾನು ತಂದೆಯಲ್ಲ ಎಂದು, ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಬೇಕು. ನಮೂನೆಗಳನ್ನೂ ಜೊತೆಗೆ ಇಟ್ಟಿದ್ದರು. ಕೊನೆಯ ತಾರೀಕು ಕೆಂಪು ಶಾಯಿಯಲ್ಲಿತ್ತು.

ನಾನು ಓದಿ ಮುಗಿಸುವುದರೊಳಗೆ ಮಾವ ಎದ್ದು ಅಂಗಳಕ್ಕೆ ಹೋಗಿದ್ದರು. ದತ್ತು ಎಂದರೆ ಹೇಗೆ ಎಂದು ಮರುದಿನ ವಕೀಲರನ್ನು ಕೇಳಿದರು. ನಿಮ್ಮ ಮನೆಯ ಹುಡುಗಿಯನ್ನೇ ನೀವು ದತ್ತು ತೆಗೆದುಕೊಳ್ಳುವುದು ಅಂದರೆ ಎಂತ, ಅವಳು ಮೊದಲೇ ನಿಮ್ಮ ಮನೆಯವಳು, ಯಾವ ರಿಜಿಸ್ಟ್ರಾರರೂ ಒಪ್ಪಲಿಕ್ಕಿಲ್ಲ ಎಂದರು ವಕೀಲರು. ಸ್ವಲ್ಪ ಹೊತ್ತು ಪೆನ್ಸಿಲಿನಿಂದ ಕಿವಿ ಕೆರೆದುಕೊಂಡು, "ಎಲ್ಲಕ್ಕಿಂತ ಸುಲಭ ಅಂದರೆ ಆ ಲಾಯಿಲದವರು ತೀರಿಕೊಂಡಿದ್ದಾರೆ ಅಂತ ಮಾಡುವುದು," ಎಂದರು. "ಆಗ ಪೋಷಕರು ನೀವೇ. ಯಾರೂ ಎಂತದ್ದೂ ಕೇಳ್ಲಿಕ್ಕಿಲ್ಲ."

ಮಾವ ಇಲ್ಲ ಎನ್ನಲಿಲ್ಲ. ಅದು ನನಗೆ ಆಗ ಆಶ್ಚರ್ಯವಾಗಿತ್ತು. "ಒಂದು ಮಾತು ಅವರನ್ನೇ ಕೇಳುವ," ಎಂದು ಬೆಳ್ತಂಗಡಿಯ ಬಸ್ಸು ಹತ್ತಿಸಿದರು.

ಲಾಯಿಲದ ಮನೆಯ ಚಾವಡಿಯಲ್ಲಿ ತಂದೆ ನಮಗೆ ಬೆಲ್ಲ, ನೀರು ಕೊಟ್ಟು ಕೂರಿಸಿದರು. ಸಣ್ಣ ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ಮಾವ ವಿಷಯವನ್ನು ಸುತ್ತಿ ಬಳಸಿ ಹೇಳಿದರು. ತಂದೆ ಕೇಳಿದರು. ಸ್ವಲ್ಪ ಯೋಚಿಸಿದರು.

"ಎಷ್ಟು ದಿನಕ್ಕೆ?" ಎಂದರು.

"ಎಂತ ಎಷ್ಟು ದಿನಕ್ಕೆ?"

"ಸಾಯುವುದು. ಯಾಕೆ ಕೇಳಿದ್ದು ಅಂದರೆ, ಕಿರಿಯ ಅಳಿಯನ ಕಾಲೇಜಿನ ಕಾಗದಕ್ಕೆ ಬರುವ ತಿಂಗಳು ನನ್ನ ರುಜು ಬೇಕು. ಅದು ಆದ ಮೇಲೆ ಅಡ್ಡಿ ಇಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ನನಗೆ ಬೇಕಾದ ಏನನ್ನೂ ಕೊಟ್ಟವರಲ್ಲ, ಅದರ ಬಗ್ಗೆ ನಾನು ಯಾವತ್ತೂ ದೂರು ಹೇಳಿದವಳೂ ಅಲ್ಲ. ಆದರೆ ಅಂಗಿ ಬಿಚ್ಚಿ ಕೊಡುವ ಹಾಗೆ ಜೀವವನ್ನೇ ಬಿಚ್ಚಿ ಕೊಡಲು ಹೊರಟದ್ದು ನೋಡಿ ತಡೆಯಲಾಗಲಿಲ್ಲ. ನೀವು ಸತ್ತರೆ ನನಗೆ ಆ ಪರೀಕ್ಷೆಯೇ ಬೇಡ ಎಂದು ಕೂಗಿದೆ. ಒಳಗೆ ಅತ್ತೆ ಪಾತ್ರೆ ಕೆಳಗೆ ಹಾಕಿದ ಶಬ್ದವಾಯಿತು.

ತಂದೆ ನೆಲ ನೋಡಿದರು. "ನಾನು ನಿನಗೆ ಎಂತ ಮಾಡಿದ್ದೇನೆ ಮಗಾ," ಎಂದರು. "ಇದೊಂದಾದರೂ ಮಾಡುವ ಅಂತ."

ಆಮೇಲೆ ಯಾರೂ ಸಾವಿನ ಮಾತು ಎತ್ತಲಿಲ್ಲ. ಇಬ್ಬರೂ ಪ್ರಮಾಣ ಮಾಡುವುದು ಎಂದಾಯಿತು. ವಾಪಸು ಬರುವಾಗ ಮಾವ ಬಸ್ಸಿನಲ್ಲಿ ಒಂದೇ ಒಂದು ಮಾತು ಕೇಳಿದರು. "ಅಲ್ಲ ಅಂತ ಹೇಳಲೇಬೇಕಾ? ಅವರು ಹೌದು ಅಂತ ಹೇಳಿದರೆ ಸಾಕಾಗುದಿಲ್ವಾ?" ಸಾಕಾಗುವುದಿಲ್ಲ ಎಂದೆ. ತಂದೆ ಸತ್ತರೆಂದು ಬರೆಯುವುದಕ್ಕೆ ಮಾವ ಯಾಕೆ ಅಡ್ಡ ಬರಲಿಲ್ಲ ಎಂದು ಆಗ ಅರ್ಥವಾಯಿತು. ಆ ದಾರಿಯಲ್ಲಿ ಮಾವನ ಹೆಸರು ಅಳಿಸಬೇಕಾಗಿರಲಿಲ್ಲ.

ನ್ಯಾಯಾಧೀಶರ ಬಿಡುವು, ವಕೀಲರ ನೆಗಡಿ, ತಂದೆಯ ಅಳಿಯನ ಕಾಗದ ಎಲ್ಲ ಮುಗಿದು ನಾವು ಬಂಟ್ವಾಳದಲ್ಲಿ ಸೇರಿದ್ದು ಕೊನೆಗೆ ಉಳಿದ ಒಂದೇ ದಿನ. ಅಂದು ಸಂಜೆ ಐದೂವರೆಗೆ ಅಂಚೆ ಕಚೇರಿಯಲ್ಲಿ ಟಪಾಲಿನ ಚೀಲ ಕಟ್ಟುವ ಮೊದಲು ಲಕೋಟೆ ಒಳಗೆ ಬಿದ್ದರೆ ಅಮೆರಿಕಕ್ಕೆ ಸಮಯಕ್ಕೆ ಮುಟ್ಟುತ್ತದೆ. ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದಿಂದ ಕೋರ್ಟಿನ ಜಗಲಿಯಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ನಾನು ನಡುವೆ, ಆಚೆ ಈಚೆ ಒಬ್ಬೊಬ್ಬ ತಂದೆ. ಒಂದು ಗದ್ದೆಯ ಗಡಿಯ ದಾವೆ ಒಳಗೆ ನಡೆಯುತ್ತಲೇ ಇತ್ತು.

ನಾಲ್ಕೂವರೆಗೆ ಕರೆದರು. ಮೊದಲು ತಂದೆ. ಗುಮಾಸ್ತರು ಕನ್ನಡದಲ್ಲಿ ಕೇಳುವುದು, ಇಂಗ್ಲಿಷ್ ನಮೂನೆಯಲ್ಲಿ ತುಂಬಿಸುವುದು ಎಂದಿತ್ತು. ಮಕ್ಕಳು ಎಷ್ಟು ಎಂದು ಅವರು ಕೇಳಿದರು. ತಂದೆ ಅಭ್ಯಾಸಬಲದಿಂದ "ಮೂವರು" ಎಂದುಬಿಟ್ಟರು. ನಾನು ಅವರ ಮುಖ ನೋಡಿದೆ. "ಅಲ್ಲ, ಒಬ್ಬಳು," ಎಂದರು. "ಮೂವರು ಬೇರೆ." ಗುಮಾಸ್ತರು ಪೆನ್ನು ಕೆಳಗಿಟ್ಟರು. ನ್ಯಾಯಾಧೀಶರು ಮಾತ್ರ ಈ ಕಡೆಯವರೇ ಇರಬೇಕು, "ಬರೆಯಿರಿ, ಬರೆಯಿರಿ" ಎಂದು ಕೈ ಆಡಿಸಿದರು. ಇವಳು ನನ್ನ ಮಗಳು ಎಂದು ತಂದೆ ಪ್ರಮಾಣ ಮಾಡಿ ರುಜು ಹಾಕಿದರು.

ಆಮೇಲೆ ಮಾವ. ಗುಮಾಸ್ತರು ಓದಿದರು. "ಈ ಹುಡುಗಿಯ ತಂದೆ ನಾನಲ್ಲ ಎಂದು ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಹೇಳಿ."

ಮಾವ ಹೇಳಲಿಲ್ಲ.

"ಹೇಳಿ ಮಾರಾಯ್ರೆ."

"ಬೇರೆ ರೀತಿಯಲ್ಲಿ ಬರೆಯಿರಿ," ಎಂದರು ಮಾವ. "ತಂದೆ ಅವರು, ಯಜಮಾನ ನಾನು, ಹಾಗೆ ಬರೆಯಿರಿ."

"ನಮೂನೆಯಲ್ಲಿ ಯಜಮಾನ ಇಲ್ಲ."

"ದೇವರ ಮೇಲೆ ಆಣೆ ಹಾಕಿ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹಾಗಾದರೆ ತಂದೆ ನೀವೇನು?"

"ಅಲ್ಲ."

"ಅಲ್ಲ ಅಂತಲೇ ಹೇಳ್ಲಿಕ್ಕೆ ಹೇಳಿದ್ದು."

"ಅಲ್ಲ ಅನ್ನುವುದು ಸುಳ್ಳಲ್ಲ," ಎಂದರು ಮಾವ. ಅವರ ಜೋರು ಸ್ವರ ಎಲ್ಲೋ ಹೋಗಿತ್ತು. "ಆದರೆ ಅದು ಸತ್ಯವೂ ಅಲ್ಲ. ಇವಳಿಗೆ ವಿಷಮಜ್ವರ ಬಂದಾಗ ಇಪ್ಪತ್ತೊಂದು ದಿನ ಕೂತದ್ದು ಯಾರು? ಅವರನ್ನೇ ಕೇಳಿ."

ತಂದೆ ಎದ್ದು ನಿಂತು, ಶಾಲೆಯಲ್ಲಿ ಉತ್ತರ ಹೇಳುವವರ ಹಾಗೆ, "ಅವರೇ ಕೂತದ್ದು, ನಾನು ಎರಡು ದಿನ ಬಂದು ಹೋದದ್ದು," ಎಂದು ಸಾಕ್ಷಿ ನುಡಿದರು. ಗುಮಾಸ್ತರು ನ್ಯಾಯಾಧೀಶರನ್ನು ನೋಡಿದರು. ನ್ಯಾಯಾಧೀಶರು ಗಡಿಯಾರ ನೋಡಿದರು. ಐದು ಗಂಟೆ ದಾಟಿತ್ತು.

ಮಾವ ನನ್ನ ಕಡೆ ತಿರುಗಿದರು. "ಹೇಳಿದರೆ ನೀನು ಪರೀಕ್ಷೆಗೆ ಕೂರ್ತೀಯಾ?"

"ಹೌದು ಮಾವ."

"ಹೇಳದಿದ್ದರೆ ಇಲ್ಲ."

"ಇಲ್ಲ."

ಬಿಡಿ, ನನಗೆ ಪರೀಕ್ಷೆ ಬೇಡ ಎಂದು ಲಾಯಿಲದಲ್ಲಿ ತಂದೆಗಾಗಿ ಕೂಗಿದ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾವ ನನಗಾಗಿ ಏನನ್ನೂ ಮಾಡುತ್ತಾರೆ ಎಂದು ಗೊತ್ತಿತ್ತು, ಅದಕ್ಕೆ. ಬೇರೆ ಕಾರಣವಿಲ್ಲ.

ಮಾವ ಕಣ್ಣು ಮುಚ್ಚಿ, ಗುಮಾಸ್ತರು ಹೇಳಿಕೊಟ್ಟ ಮಾತನ್ನು ಒಂದು ಉಸಿರಿಗೆ ಹೇಳಿ ಮುಗಿಸಿದರು. ರುಜು ಹಾಕಿದರು. ನಮೂನೆಯ ಕೊನೆಯಲ್ಲಿ ಸಂಬಂಧದ ಒಂದು ಕಾಲಮು ಇತ್ತು. ತಂದೆ, ತಾಯಿ, ಪತಿ, ಇತರ, ಇವುಗಳಲ್ಲಿ ಒಂದನ್ನು ಬರೆಯಬೇಕು. ಗುಮಾಸ್ತರು ಮೇಲಿನಿಂದ ಕೆಳಗೆ ನೋಡಿ, ಇಂಗ್ಲಿಷಿನಲ್ಲಿ "ಇತರ" ಎಂದು ಬರೆದು ಮೊಹರು ಒತ್ತಿದರು.

ನಾನು ಓಡಿದೆ. ಲಕೋಟೆ ಚೀಲಕ್ಕೆ ಬಿತ್ತು. ಅದು ಸಮಯಕ್ಕೆ ಮುಟ್ಟಿತು, ಹಾಲ್ ಟಿಕೆಟ್ ಬಂತು, ನಾನು ಮುಂಬಯಿಗೆ ಹೋಗಿ ಪರೀಕ್ಷೆ ಬರೆದೆ, ಪಾಸಾದೆ, ಹೋದೆ. ಪರೀಕ್ಷೆಯ ಒಂದು ಪ್ರಶ್ನೆಯೂ ಈಗ ನೆನಪಿಲ್ಲ.

ನಾನು ಅಂಚೆ ಕಚೇರಿಯಿಂದ ವಾಪಸು ಬರುವಾಗ ಅವರಿಬ್ಬರೂ ರಸ್ತೆಯಲ್ಲಿ ನಿಂತಿದ್ದರು. "ಇನ್ನು ನಾನು ಸಾಯಬೇಕು ಅಂತ ಇಲ್ಲ ಅಲ್ವಾ?" ಎಂದು ತಂದೆ ಕೇಳಿದರು. ಇಲ್ಲ ಎಂದೆ. ಆಮೇಲೆ ಮಾವನಿಗೆ, "ಇನ್ನೂ ಬಿಸಿಲು ಉಂಟು, ಊಟ ಮಾಡಿ ಹೋಗಿ," ಎಂದರು. ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ, ಮಾವನಂತೂ ಆ ಹೊತ್ತು ತಪ್ಪಿಸಿದ್ದನ್ನು ನಾನು ಕಂಡವಳಲ್ಲ. ಮದುವೆ ಮನೆಗಳಲ್ಲಿಯೂ ಸೂರ್ಯನನ್ನು ನೋಡಿ ಎಲೆ ಹಾಕಿಸುತ್ತಿದ್ದರು. ಅಂದು ಹಸಿವಿಲ್ಲ ಎಂದರು. ತಂದೆ ಬೆಳ್ತಂಗಡಿಯ ಬಸ್ಸು ಹತ್ತಿದರು, ನಾವು ಮೂಡಬಿದಿರೆಯದು ಹತ್ತಿದೆವು.

ಬಸ್ಸು ಸಿದ್ಧಕಟ್ಟೆ ದಾಟಿತು. ಕಿಟಕಿಯಲ್ಲಿ ಬಿಸಿಲು ಇನ್ನೂ ಇತ್ತು. ಮಾವ ಕಿಸೆಯಿಂದ, ಕೋರ್ಟಿನಲ್ಲಿ ಕೊಟ್ಟಿದ್ದ ಪ್ರಮಾಣಪತ್ರದ ಪ್ರತಿಯನ್ನು ತೆಗೆದು, ಮಡಿಕೆ ಬಿಡಿಸಿ, ಸಂಬಂಧದ ಕಾಲಮಿನ ಮೇಲೆ ಬೆರಳಿಟ್ಟರು.

"ಇಲ್ಲಿ ನಾನು ಎಂತ ಅಂತ ಬರೆದಿದ್ದಾರೆ?"

ನಾನು ಆ ಶಬ್ದ ನೋಡಿದೆ. ಇಂಗ್ಲಿಷಿನ ಐದು ಅಕ್ಷರ.

"ಹುಟ್ಟಿದ ದಿನದಿಂದ ಇವಳನ್ನು ಸಾಕಿ ದೊಡ್ಡ ಮಾಡಿದವರು, ಅಂತ."

ಮಾವ ಕಾಗದವನ್ನು ಬೆಳಕಿಗೆ ಹಿಡಿದರು. "ಅಷ್ಟು ಉದ್ದ ಉಂಟಾ? ಒಂದೇ ಶಬ್ದ ಕಾಣ್ತದಲ್ಲ."

"ಇಂಗ್ಲಿಷಿನಲ್ಲಿ ಹಾಗೆ ಮಾವ. ಅದಕ್ಕೆ ಒಂದೇ ಶಬ್ದ ಸಾಕು."

ಅವರು ತಲೆ ಆಡಿಸಿದರು. ಕಾಗದವನ್ನು ಮಡಚದೆ ನನ್ನ ಕೈಗೆ ಕೊಟ್ಟರು.

"ಒಳ್ಳೆ ಭಾಷೆ," ಎಂದರು. "ಇನ್ನೊಮ್ಮೆ ಓದು."

ಓದಿದೆ.